ಭೂತಕಾಲ ಮುಂದಿನ ವಾರ

ಶಿವಗಂಗಮ್ಮ ಟೀಚರ್ ಒಂಬತ್ತನೆಯ ಪಾಠವನ್ನು ಮತ್ತೆ ಹಾರಿಸಿದರು.

ಇದು ನಾಲ್ಕನೆಯ ಸಲ. ಎಲ್ಡರ್ ಲಾರ್ಸನ್ ಪುಸ್ತಕವನ್ನು ಕ್ಯಾಮೆರಾಗೆ ಹಿಡಿದು ತೋರಿಸಿದ. “ಟೀಚರ್, ಭೂತಕಾಲ?”

“ಮುಂದಿನ ವಾರ, ತಮ್ಮಾ. ಅದರಲ್ಲಿ ಒಂದು ಕ್ರಿಯಾಪದ ಇದ್ದ ಹಾಗೆ ಇನ್ನೊಂದು ಇರಲ್ಲ. ಈಗಲೇ ಹೇಳ್ಕೊಟ್ರೆ ಕನ್ನಡ ಬಿಟ್ಟು ಓಡ್ತೀಯ.”

ಎಲ್ಡರ್ ಎಂದರೆ ಹಿರಿಯ. ಈ ಹಿರಿಯನಿಗೆ ಹತ್ತೊಂಬತ್ತು ವರ್ಷ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಮಾರ್ಮನ್ ಚರ್ಚು ತನ್ನ ಹುಡುಗರನ್ನು ಎರಡು ವರ್ಷ ಧರ್ಮಪ್ರಚಾರಕ್ಕೆ ಕಳಿಸುವಾಗ ಎಲ್ಲರಿಗೂ ಅದೇ ಬಿರುದು. ಇವನ ಪಾಲಿಗೆ ಬೆಂಗಳೂರು ಬಂದಿತ್ತು. ಅಮೆರಿಕದ ತರಬೇತಿ ಕೇಂದ್ರದಲ್ಲಿ ಕೂತು ಎರಡು ತಿಂಗಳಲ್ಲಿ ಕನ್ನಡ ಕಲಿಯಬೇಕು. ಕಲಿಸಲು ಸಿಕ್ಕವರು ವಿಜಯನಗರದ ಈ ನಿವೃತ್ತ ಹೈಸ್ಕೂಲ್ ಟೀಚರ್. ಪಾಠ ಸಂಜೆ ಏಳಕ್ಕೆ, ಬೇರೆ ಹೊತ್ತು ಆಗುವುದಿಲ್ಲ ಎಂದು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದರು. ಅವನಿಗೆ ಆಗ ಬೆಳಗಿನ ಹೊತ್ತು.

ಟೀಚರ್ ಮಹಾ ಕಟ್ಟುನಿಟ್ಟು. ಒಂದು ಅಕ್ಷರ ತಪ್ಪಿದರೂ ಬಿಡುವವರಲ್ಲ.

“ಹೊಸಹಲ್ಲಿ ಅಲ್ಲ, ಹೊಸಹಳ್ಳಿ. ಹಲ್ಲಿ ಗೋಡೆ ಮೇಲಿರುತ್ತೆ, ಅಲ್ಲಿ ಮೆಟ್ರೋ ನಿಲ್ಲಲ್ಲ. ಇನ್ನೊಂದ್ ಸಲ ಹೇಳು.”

“ಕೊಟ್ರೇಶ್ ಏಳು ಗಂಟೆಗೆ ಹೊಸಹಳ್ಳಿಯಲ್ಲಿ ಇಳಿಯುತ್ತಾನೆ.”

“ಹಾಂ. ಮುಂದೆ?”

“ಕೊಟ್ರೇಶ್ ಮನೆಗೆ ಬರ್ತಾ ಇದ್ದಾನೆ. ಅವನಿಗೆ ಮಂಡಕ್ಕಿ ಮೆಣಸಿನಕಾಯಿ ಇಷ್ಟ.”

ಕೊಟ್ರೇಶ್ ಟೀಚರ ಒಬ್ಬನೇ ಮಗ. ಉದಾಹರಣೆಗಳೆಲ್ಲ ಅವನವೇ. ಬೇರೆ ಯಾವ ವಾಕ್ಯಕ್ಕೂ ಅರಳದ ಟೀಚರ ಮುಖ ಈ ವಾಕ್ಯಗಳಿಗೆ ಅರಳುತ್ತಿತ್ತು. ಕಣ್ಣು ಮಾತ್ರ ಕ್ಯಾಮೆರಾ ದಾಟಿ ಬಾಗಿಲ ಕಡೆ ಹೋಗುತ್ತಿತ್ತು. ಇನ್ನೊಂದು ವಿಚಿತ್ರ. “ನಿನ್ನೆ ನಾನು ಊಟ ಮಾಡ್ತೀನಿ” ಎಂದು ಲಾರ್ಸನ್ ಒದರಿದರೂ ಅವರು ತಿದ್ದುತ್ತಿರಲಿಲ್ಲ.

ಒಂದು ದಿನ ಕೊಟ್ರೇಶನ ಹೆಸರು ಬಂದೊಡನೆ ಹಿಂದೆ ಪೇಪರ್ ಮಡಚುವ ಸದ್ದಾಯಿತು. ಟೀಚರ ಯಜಮಾನರು, ಚನ್ನಮಲ್ಲಪ್ಪ.

“ಸಾಕು ಮಾಡು ಶಿವಗಂಗಾ. ಆ ಹುಡುಗನ ಬಾಯಲ್ಲೂ ಅದನ್ನೇ ಹೇಳಿಸ್ಬೇಕಾ?” ಎಂದು ಎದ್ದುಹೋದರು. ಎಲ್ಲಿಯೋ ಬಾಗಿಲು ಬಡಿಯಿತು.

“ಅವರಿಗೆ ಮಗನ ಹೆಸರು ಎತ್ತಿದ್ರೆ ಆಗಲ್ಲ,” ಎಂದರು ಟೀಚರ್.

“ಅಪ್ಪ ಮಗ ಜಗಳವಾ?”

“ನನ್ನ ಕೊಟ್ರೇಶ ಯಾರ ಜೊತೇನೂ ಜಗಳ ಆಡಲ್ಲ ಕಣಪ್ಪ. ಹನ್ನೊಂದನೇ ಪಾಠ ತೆಗಿ.”

ಲಾರ್ಸನ್‌ಗೆ ಅಷ್ಟೇ ಸಾಕಾಯಿತು. ಹೆಸರೆತ್ತಬಾರದ ಮನೆ ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಅಣ್ಣ ಚರ್ಚು ಬಿಟ್ಟು ಮೂರು ವರ್ಷವಾಗಿತ್ತು. ಅಂದಿನಿಂದ ಅಪ್ಪ ಅಣ್ಣನ ಹೆಸರು ಎತ್ತಿರಲಿಲ್ಲ, ಊಟದ ಮೇಜಿನ ಒಂದು ಕುರ್ಚಿಯನ್ನು ಗ್ಯಾರೇಜಿಗೆ ಹಾಕಿದ್ದರು. ಆಗ ಲಾರ್ಸನ್ ಒಂದು ಮಾತೂ ಆಡಿರಲಿಲ್ಲ. ಆ ಸಂಕಟ ಅವನನ್ನು ಬಿಟ್ಟಿರಲಿಲ್ಲ. ಇಲ್ಲಾದರೂ ಆಡಬೇಕು. ಈ ಅಪ್ಪನನ್ನೂ ಮಗನನ್ನೂ ಒಂದು ಮಾಡಲಾಗದಿದ್ದರೆ ತಾನು ಕನ್ನಡ ಕಲಿತೇನು ಪ್ರಯೋಜನ? ಟೀಚರಿಗೆ ಗೊತ್ತಾಗದಂತೆ ನಾಲ್ಕು ವಾಕ್ಯ ಬರೆದುಕೊಂಡ. ಹಲ್ಲುಜ್ಜುವಾಗ, ಬಟ್ಟೆ ಒಗೆಯುವಾಗ, ಕೊನೆಗೆ ವಿಮಾನದಲ್ಲೂ ಅವನ್ನೇ ಗುನುಗಿದ.

ಬೆಂಗಳೂರಿಗೆ ಬಂದ ಮೂರನೆಯ ದಿನ ಸಂಜೆ ಟೀಚರ ಮನೆಯ ಕರೆಗಂಟೆ ಒತ್ತಿದ. ಮಿಷನರಿಗಳು ಒಬ್ಬೊಬ್ಬರೇ ಓಡಾಡುವ ಹಾಗಿಲ್ಲ. ಜೊತೆಗಾರನಾಗಿ ರಾಜಾಜಿನಗರದ ಆನಂದ್ ಬಂದಿದ್ದ.

ಟೀಚರ್ ಲಾರ್ಸನ್‌ನ ಕೆನ್ನೆ ಸವರಿ, “ಎಷ್ಟು ಸೊರಗಿದೀಯ ತಮ್ಮಾ. ಕೂತ್ಕೋ, ಬಂದೆ,” ಎಂದು ಒಗ್ಗರಣೆ ಹಾಕಲು ಒಳಗೆ ಹೋದರು. ಹಾಲ್‌ನಲ್ಲಿ ಚನ್ನಮಲ್ಲಪ್ಪ ಒಬ್ಬರೇ ಇದ್ದರು. ಗಡಿಯಾರ ಏಳು ತೋರಿಸುತ್ತಿತ್ತು.

ಈಗಲೇ ಸರಿ ಎಂದುಕೊಂಡು ಲಾರ್ಸನ್ ಎದ್ದು ನಿಂತ. ಅಷ್ಟರಲ್ಲಿ ಆನಂದ್ ಬಾಗಿಲ ಮೇಲಿನ ಗೋಡೆಯ ಫೋಟೋ ನೋಡಿ, ಅವನ ತೋಳು ಜಗ್ಗಿದ. “ಬೇಡ ಗುರು, ಕೂತ್ಕೋ.”

ಲಾರ್ಸನ್ ಕೂರಲಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ.

“ಸಾರ್, ಕೊಟ್ರೇಶ್ ಒಳ್ಳೆಯವನು. ಟೀಚರ್ ದಿನಾ ಬಾಗಿಲು ನೋಡ್ತಾರೆ. ದಯವಿಟ್ಟು ಸಿಟ್ಟು ಬಿಡಿ. ನೀವು ಒಂದು ಸಲ ಕರೆಯಿರಿ, ಅವನು ಬರ್ತಾನೆ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಬೈಗುಳಕ್ಕೆ ಸಿದ್ಧನಾಗಿದ್ದ ಲಾರ್ಸನ್‌ಗೆ ಬೈಗುಳ ಬೀಳಲಿಲ್ಲ. ಚನ್ನಮಲ್ಲಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ ಪಕ್ಕದ ಕುರ್ಚಿ ಎಳೆದರು.

“ಕೂತ್ಕೋಪ್ಪ. ಒಂಬತ್ತನೇ ಪಾಠ ಆಯ್ತಾ ನಿಂಗೆ?”

“ಇಲ್ಲ ಸಾರ್. ಟೀಚರ್ ಮುಂದಿನ ವಾರ ಅಂತಾರೆ.”

“ಅವಳ ಕೈಲಿ ಅದು ಆಗಲ್ಲ. ನಾನೇ ಹೇಳ್ಕೊಡ್ತೀನಿ, ಪುಸ್ತಕ ತೆಗಿ.” ಲಾರ್ಸನ್ ಜೇಬಿನಿಂದ ಪುಸ್ತಕ ತೆಗೆದು ಪೆನ್ನು ಬಿಚ್ಚಿದ. ಚನ್ನಮಲ್ಲಪ್ಪ ಮಕ್ಕಳಿಗೆ ಉಕ್ತಲೇಖನ ಕೊಡುವವರಂತೆ ಒಂದೊಂದೇ ಪದ ಬಿಡಿಸಿ ಹೇಳಿದರು.

“ನಮಗೆ. ಒಬ್ಬ. ಮಗ. ಇದ್ದ.”