ಬಾಳಪ್ಪನ ಎದೆ

ಎದೆಯೊಳಗಿನ ದುಃಖ ಎಕ್ಸ್‌ರೇಯಲ್ಲಿ ಬೂದು ಕಲೆಯಾಗಿ ಕಾಣತೊಡಗಿ ಆರು ವರ್ಷವಾಗಿತ್ತು. ಜನ ಅದಕ್ಕೂ ಒಗ್ಗಿಹೋಗಿದ್ದರು. ಇನ್ನೊಮ್ಮೆ ಸೋಂಕು ಹರಡಿದರೆ ಆಸ್ಪತ್ರೆಯ ಸಿಬ್ಬಂದಿ ದುಃಖದಿಂದ ಕುಸಿಯದಿರಲೆಂದು ಹೊಸ ನಿಯಮ ಬಂದಿತ್ತು: ಎಕ್ಸ್‌ರೇ ವಿಭಾಗದವರು ಪ್ರತಿ ಸೋಮವಾರ ತಮ್ಮ ಎದೆಯ ಫಿಲ್ಮನ್ನೂ ಒಪ್ಪಿಸಬೇಕು. ಕಲೆ ಅಂಗೈಯಗಲ ದಾಟಿದರೆ ಒಂದು ತಿಂಗಳು ಕಡ್ಡಾಯ ರಜೆ.

ರಜೆಗೆ ಹೋದರೆ ಕೆಲಸ ನೋಡುವವರು ಯಾರು? ಇದ್ದವರೇ ಮೂವರು. ಶಿವಲೀಲಾ ಸೀಸದ ಏಪ್ರನ್ ಕಳಚಿ, ನೋಯುವ ಸೊಂಟ ನೀವಿಕೊಳ್ಳುತ್ತ, ತನ್ನ ಹೆಸರಿನ ಚೀಟಿ ಅಂಟಿಸಿದ ಫಿಲ್ಮನ್ನು ಡಾಕ್ಟರ್ ಇನಾಮದಾರರ ಮೇಜಿನ ಮೇಲಿಟ್ಟಳು. ಯಾವಾಗಲೂ ನೋಡದೆ ಸಹಿ ಹಾಕುತ್ತಿದ್ದವರು ಅಂದು ಅದನ್ನು ಬೆಳಕಿಗೆ ಹಿಡಿದರು. ಕಲೆ ಒಂದಿಷ್ಟೂ ಇರಲಿಲ್ಲ. ಹೆಗಲ ಹತ್ತಿರದ ಮೂಳೆ ಮಾತ್ರ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ಈ ಎಲುವು ನಿಮ್ದಲ್ರಿ, ಶಿವಲೀಲಾ. ನಮ್ಮ ಬಾಳಪ್ಪಂದು. ಸೈಕಲ್ ಮ್ಯಾಲಿಂದ ಬಿದ್ದಾಗ ನಾನೇ ನೋಡಿದ್ದೆ."

ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆಯುತ್ತಿದ್ದ ಬಾಳಪ್ಪ ಹೋದ ಸಲದ ಸೋಂಕಿನಲ್ಲಿ ತೀರಿಕೊಂಡಿದ್ದ. ಆ ವಿಭಾಗದಲ್ಲಿ ಕಲೆಯಿಲ್ಲದ ಕೊನೆಯ ಎದೆ ಅವನದೇ.

"ಎಷ್ಟ ಮಂದಿ ಇದನ್ನ ಕೊಡಾಕತ್ತೀರಿ?"

"ಮೂವರೂ ರೀ ಸರ್. ಚೀಟಿ ಅಷ್ಟ ಬದಲಿಸ್ತೀವಿ." ಸುಳ್ಳು ಹೇಳಲೂ ಅವಳಲ್ಲಿ ಕಸುವಿರಲಿಲ್ಲ.

ಡಾಕ್ಟರು ಫಿಲ್ಮನ್ನು ಅವಳ ಕೈಗೇ ಮರಳಿ ಕೊಟ್ಟರು. ಆಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕಿ, ಡ್ರಾಯರಿನಿಂದ ಒಂದು ಚೀಟಿ ತೆಗೆದು ಅವಳತ್ತ ಸರಿಸಿದರು. ಅದರ ಮೇಲೆ ಅವರದೇ ಹೆಸರಿತ್ತು.

"ಮಧ್ಯಾಹ್ನ ನಂದೂ ಮ್ಯಾಲಿನ ಆಫೀಸಿಗೆ ಕಳಿಸಬೇಕ್ರಿ. ನಿಮ್ಮ ಮೂವರದು ಮುಗದ ಮ್ಯಾಲೆ ಇದನ್ನ ಅಂಟಿಸಿ ಕೊಡ್ರಿ."