ಅಯ್ಯನವರ ವಿಶ್ರಾಂತಿಗಾಗಿ

ಚರ್ಚಿನಲ್ಲಿ ಪ್ರಸಂಗ ಮಾಡುವಾಗ ಅಯ್ಯನವರು ಬೀಳದಂತೆ ಪ್ರಸಂಗಪೀಠವನ್ನು ಹಿಡಿದುಕೊಳ್ಳುವುದು ನನಗೊಬ್ಬಳಿಗೇ ಕಾಣುತ್ತಿದೆಯೇನೋ ಎಂಬ ಅಳುಕು ನನಗೆ. ಇಲ್ಲ, ಸಭೆಗೂ ಕಂಡಿತ್ತು. ಆರಾಧನೆ ಮುಗಿದ ಮೇಲೆ ಯಾರೂ ಏಳಲಿಲ್ಲ.

“ಅಯ್ಯನವರು ತುಂಬ ದಣಿದಿದ್ದಾರೆ. ನಾವು ಅವರ ಕೈ ಬಲಪಡಿಸಬೇಕು” ಎಂದರು ಹಿರಿಯರಾದ ದೇವದಾನಪ್ಪನವರು.

“ಅವರಿಗೆ ವಿಶ್ರಾಂತಿ ಸಿಗಲಿ ಅಂತ ದಿನಾ ಸಂಜೆ ಒಂದೊಂದು ಮನೇಲಿ ಪ್ರಾರ್ಥನಾಕೂಟ ಇಡೋಣ” ಎಂದರು ರಾಹೇಲಮ್ಮ.

“ನಡೆಸೋರು ಯಾರು?”

“ಇದೇನ್ ಹಿಂಗ್ ಕೇಳ್ತೀರಿ? ಅಯ್ಯನವರಿಲ್ವಾ!”

ಎಲ್ಲರೂ ಒಪ್ಪಿದರು.

“ಮೊದಲ್ನೇದು ನಮ್ಮನೇಲಿ, ಇವತ್ತೇ. ಬರ್ತೀರಲ್ಲ ಅಯ್ಯನವರೇ?” ಎಂದು ಕೇಳಿದರು ದೇವದಾನಪ್ಪನವರು.

ಅಯ್ಯನವರು ನಕ್ಕು ತಲೆಯಾಡಿಸಿದರು.

ಸಭೆಯಲ್ಲಿ ಎಂದೂ ಬಾಯಿ ತೆರೆಯದ ನಾನು ಎದ್ದು ನಿಂತೆ.

“ಅವರು ಬರಲ್ಲ. ಅಪ್ಪಾ, ನೀನು ನಡಿ, ಮನೆಗೆ ಹೋಗಿ ಮಲ್ಕೋ.”