ಕೊಳೆಯದ ಗಂಡ

ಗಾಜಿನ ಪೆಟ್ಟಿಗೆಯಲ್ಲಿ ನಿಂತಿದ್ದ ಗಂಡನನ್ನು ಹೊರಗೆ ಬಿಡಿ ಎಂದು ಅವಳು ಕೇಳಿದಾಗ, ಸಂಗ್ರಹಾಲಯದ ಅಧಿಕಾರಿ ಮೊದಲು ಕನ್ನಡಕ ಒರೆಸಿಕೊಂಡ.

ಗಂಡನೆಂದರೆ ಗಂಡನ ಮರದ ಬೊಂಬೆ. ಅವಳ ಜನರಲ್ಲಿ ಸತ್ತವನ ಬೊಂಬೆ ಕೆತ್ತಿ ಹಿತ್ತಲಲ್ಲಿ ನಿಲ್ಲಿಸುತ್ತಾರೆ. ಮಳೆಗೆ ನೆಂದು, ಗೆದ್ದಲು ಹಿಡಿದು ಅದು ಮಣ್ಣಾದ ಮೇಲೆಯೇ ಹೆಂಡತಿ ಇನ್ನೊಂದು ಮದುವೆಯಾಗಬಹುದು. ಸೊಸೆಗೆ ಮತ್ತೆ ಮದುವೆಯ ಯೋಚನೆ ಇದೆಯೆಂದು ಗೊತ್ತಾದದ್ದೇ ತಡ, ಅತ್ತೆ ಬೊಂಬೆಯನ್ನು ಕಿತ್ತು ತಂದು ಇಲ್ಲಿಗೆ ದಾನ ಕೊಟ್ಟಿದ್ದಳು. ಆಕೆಯ ಕಲಾಪ್ರೇಮವನ್ನು ಹೊಗಳಿ ಗೋಡೆಯ ಮೇಲೊಂದು ಫಲಕವೂ ಇತ್ತು.

“ಇಲ್ಲಿ ಎಷ್ಟು ದಿನ ಬಾಳುತ್ತೆ ಸಾರ್?”

“ತೇವ ಇಲ್ಲ, ಹುಳ ಇಲ್ಲ. ಮುನ್ನೂರು ವರ್ಷಕ್ಕೆ ಮೋಸ ಇಲ್ಲಮ್ಮ,” ಅಧಿಕಾರಿ ಹೆಮ್ಮೆಯಿಂದ ಹೇಳಿದ.

“ಬದುಕಿದ್ದಾಗ ಸಂಜೆಯಾದ್ರೆ ನೆಟ್ಟಗೆ ನಿಂತೋರಲ್ಲ. ಈಗ ನಿಲ್ತಾರಂತೆ ಮುನ್ನೂರು ವರ್ಷ.”

ಅಧಿಕಾರಿ ಕೆಟ್ಟವನೇನಲ್ಲ. ಕಲಾಕೃತಿಯನ್ನು ಹೊರಗೆ ಬಿಡುವಂತಿಲ್ಲ. ಆದರೆ ಕೆತ್ತಿದವನೇ ಬಂದು ಇದರಲ್ಲಿ ಕಲೆಯೂ ಇಲ್ಲ ಮಣ್ಣೂ ಇಲ್ಲ ಎಂದರೆ ಈಗಲೇ ಕೊಟ್ಟುಬಿಡುತ್ತೇನೆ ಎಂದ. ಅವಳ ಮುಖ ಅರಳಿತು. ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಬಡಗಿಯನ್ನು ತೋಳು ಹಿಡಿದು ಮುಂದೆ ತಂದಳು. ಬೊಂಬೆ ಕೆತ್ತಿದವನೂ ಅವನೇ, ಅವಳನ್ನು ಮದುವೆಯಾಗಬೇಕಾದವನೂ ಅವನೇ. ಬೇಗ ಕೊಳೆಯಲೆಂದು ಹುಡುಕಿ ಹುಡುಕಿ ಬೆಂಡಿನಂಥ ಮರ ತಂದು, ಅವಸರದಲ್ಲಿ ನಾಲ್ಕು ಉಳಿಪೆಟ್ಟು ಹಾಕಿ ಕೈತೊಳೆದುಕೊಂಡಿದ್ದ.

“ನೀನೇ ಹೇಳು, ಕಾಟಾಚಾರಕ್ಕೆ ಮಾಡಿದ್ದು ಅಂತ,” ಎಂದಳು.

ಬಡಗಿ ಬಾಯಿ ತೆರೆಯುವ ಮೊದಲೇ ಅಧಿಕಾರಿ ಅವನ ಎರಡೂ ಕೈ ಹಿಡಿದುಕೊಂಡ. ಈ ಕೈಗಳನ್ನು ನೋಡಬೇಕೆಂದು ಎಷ್ಟು ದಿನದಿಂದ ಆಸೆಯಿತ್ತು ಎಂದ. ಒಂದಕ್ಕೊಂದು ಹೊಂದದ ಆ ಕಣ್ಣುಗಳಲ್ಲಿ ಮನುಷ್ಯಕುಲದ ದುಃಖವೆಲ್ಲ ಇದೆಯೆಂದ. ಅರ್ಧಕ್ಕೇ ನಿಂತ ಎಡಗಿವಿಯ ಮುಂದೆ ದೂರದೇಶದ ವಿದ್ವಾಂಸರೊಬ್ಬರು ಕಣ್ಣೊರೆಸಿಕೊಂಡದ್ದನ್ನು ವಿವರಿಸಿದ. ಬಡಗಿ ಕೇಳುತ್ತಲೇ ನಿಂತ. ಇಷ್ಟು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಜನ ಆಡಿದ್ದ ಮಾತೆಂದರೆ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂಬುದೊಂದೇ.

“ಹೇಳು ಅಂದ್ನಲ್ಲ,” ಅವಳು ಮೊಣಕೈಯಿಂದ ತಿವಿದಳು.

ಬಡಗಿ ಗಂಟಲು ಸರಿಮಾಡಿಕೊಂಡ. ಎರಡು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಒಂದಿಷ್ಟು ಓರೆ ಮಾಡಿ, ಬೊಂಬೆಯನ್ನು ದಿಟ್ಟಿಸಿದ.

“ಆ ಕಿವಿ ಇದೆಯಲ್ಲ,” ಎಂದ ಮೆಲ್ಲಗೆ, “ಅದನ್ನ ನಾನು ಬೇಕಂತಲೇ ಹಾಗೆ ಬಿಟ್ಟಿದ್ದು.”